ಐಗಳ ಮಠ

ಹಾಸನ ಸೀಮೆಯ ಮಾತಿನಲ್ಲಿ ‘ಮನೆಮಠ’ ಎಂಬ ಜೋಡುನುಡಿ ಇಂದಿಗೂ ಬಳಕೆಯಲ್ಲಿದೆ. ಸಾಲಕ್ಕೆ ಸಿಕ್ಕವನು ಮನೆಮಠ ಕಳೆದುಕೊಳ್ಳುತ್ತಾನೆ, ಊರು ತೊರೆದವನು ಮನೆಮಠ ಬಿಟ್ಟು ಹೋಗುತ್ತಾನೆ. ಅಲ್ಲಿ ಮಠವೆಂದರೆ ನೆಲೆ. ಸ್ವಾಮಿಗಳಿರುವ ಜಾಗ ಎಂಬ ಅರ್ಥವಂತೂ ಎಲ್ಲರಿಗೂ ಗೊತ್ತು. ಆದರೆ ನೂರೈವತ್ತು ವರ್ಷದ ಹಿಂದಿನ ಹಳ್ಳಿ ಹುಡುಗರಿಗೆ ಮಠ ಎಂದೊಡನೆ ಕಣ್ಮುಂದೆ ಬರುತ್ತಿದ್ದುದು ಪಾಠ ಹೇಳುವ ಐಗಳ ಬೆತ್ತ.

ಅದು ಕೂಲಿಮಠ. ಮಕ್ಕಳ ಮನೆಯಿಂದ ಬರುವ ದವಸ, ಒಂದಿಷ್ಟು ಕಾಸು, ಇವೇ ಐಗಳ ಕೂಲಿ. ಯಾರದೋ ಜಗಲಿಯೋ ಗುಡಿಯ ಪಡಸಾಲೆಯೋ ಪಾಠದ ಜಾಗ. ಮೊದಲು ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದಬೇಕು. ಕೈ ಕುದುರಿದ ಮೇಲೆ ಕಡತ ಸಿಗುತ್ತಿತ್ತು: ಹುಣಿಸೆಬೀಜದ ಸರಿಗೆ ಇದ್ದಿಲು ಕಲಸಿ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿದ ಬಟ್ಟೆ, ಅದರ ಮೇಲೆ ಬಳಪದ ಬರಹ. ಕಾಲು, ಅರೆ, ಮುಕ್ಕಾಲಿನ ಮಗ್ಗಿಯೆಲ್ಲ ಬಾಯಿಪಾಠ. ತಪ್ಪಿದವನಿಗೆ ಕೋದಂಡವೆಂಬ ಶಿಕ್ಷೆ, ಹಗ್ಗ ಹಿಡಿದು ತೂಗಾಡಬೇಕು. ಮಾನೌಮಿಯಲ್ಲಿ ಹುಡುಗರು ಮನೆಮನೆಯ ಮುಂದೆ ಚೌಪದ ಹೇಳಿ ತಂದ ಕಾಣಿಕೆ ಐಗಳಿಗೆ ಸೇರುತ್ತಿತ್ತು.

ಜಪಾನಿನ ಹಳ್ಳಿಗಳಲ್ಲೂ ಆಗ ಇಂಥವೇ ಸಾವಿರಾರು ಪಾಠಶಾಲೆಗಳಿದ್ದವು. ಹೆಸರು ‘ತೆರಾಕೊಯ’, ‘ತೆರಾ’ ಎಂದರೆ ಬೌದ್ಧ ದೇಗುಲ. ಕಲಿಸುವವರಲ್ಲಿ ಭಿಕ್ಷುಗಳಲ್ಲದೆ ಸಮುರಾಯಿಗಳೂ ಸಾಮಾನ್ಯ ಗೃಹಸ್ಥರೂ ಇದ್ದರು. ರೈತರ, ವ್ಯಾಪಾರಿಗಳ ಮಕ್ಕಳು ಅಲ್ಲಿ ಓದು, ಬರಹ, ಮಣಿಚೌಕಟ್ಟಿನ ಲೆಕ್ಕ ಕಲಿತರು. 1872ರಲ್ಲಿ ಮೇಜಿ ಸರ್ಕಾರ ದೇಶಕ್ಕೆಲ್ಲ ಶಿಕ್ಷಣದ ಕಟ್ಟಳೆ ತಂದಾಗ ಎಷ್ಟೋ ಹೊಸ ಶಾಲೆಗಳು ಶುರುವಾದದ್ದು ಇದೇ ತೆರಾಕೊಯಗಳಲ್ಲಿ, ದೇಗುಲಗಳಲ್ಲಿ. ದಾರಿ ಸಲೀಸಾಗಿರಲಿಲ್ಲ. ಶುಲ್ಕದ ಹೊರೆಗೆ ಸಿಟ್ಟಾದ ರೈತರು ಕೆಲವೆಡೆ ಶಾಲೆಗಳಿಗೇ ಬೆಂಕಿ ಇಟ್ಟರು. 1900ರಲ್ಲಿ ಕಡ್ಡಾಯ ಶಿಕ್ಷಣದ ಶುಲ್ಕ ಹೋಯಿತು. ಕೆಲವೇ ವರ್ಷಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳ ಹೆಸರು ಹಾಜರಿ ಪುಸ್ತಕ ಸೇರಿತು.

ಜಪಾನಿನ ಕಾರ್ಖಾನೆ, ರೈಲು, ಹಡಗುಗಳನ್ನು ಹೊಗಳುವವರು ಈ ಹಳ್ಳಿಯ ಮೇಷ್ಟರನ್ನು ಮರೆಯಬಾರದು. ಇದ್ದ ಓದನ್ನು ಎಲ್ಲರ ಓದಾಗಿಸಿದ್ದೇ ಆ ದೇಶದ ದೊಡ್ಡ ಕೆಲಸ.

ಮೈಸೂರು ಸೀಮೆಯಲ್ಲಿ ಅಕ್ಷರ ಹೊಸತೇನಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಹೊಯ್ಸಳರ ಕಾಲದಲ್ಲಿ ವಿಜಯ ಸೋಮನಾಥಪುರವೆಂಬ ಅಗ್ರಹಾರ. ಬೊಮ್ಮಣ್ಣ ದಂಡನಾಯಕ 1246ರಲ್ಲಿ ಅಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ಗುಡಿಯ ಗೋಡೆಗಳಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರು ಕೆತ್ತಿದೆ. ಉಳಿ ಹಿಡಿದು ದುಡಿಯುವವರ ಹೆಸರಿಗೂ ಅಕ್ಷರದಲ್ಲಿ ಜಾಗವಿತ್ತು. ಕೊರತೆಯಿದ್ದುದು ಹರವಿನಲ್ಲಿ. ಕೂಲಿಮಠದ ಜಗಲಿಯಲ್ಲಿ ಹೆಣ್ಣುಮಕ್ಕಳು ಅಪರೂಪ. ಹೊಲಗೇರಿಯ ಮಕ್ಕಳಿಗೆ ಜಾಗವೇ ಇರಲಿಲ್ಲ.

ಮೇಜಿ ಯುಗ ಆರಂಭವಾದ 1868ರಲ್ಲೇ ಮೈಸೂರಿನಲ್ಲಿ ಶಿಕ್ಷಣಾಧಿಕಾರಿ ಬಿ.ಎಲ್. ರೈಸ್ ಅವರ ‘ಹೋಬಳಿ ಶಾಲೆ’ ಯೋಜನೆ ಮೊದಲಾಯಿತು. ನುಗ್ಗೇಹಳ್ಳಿಯಂಥ ಹೋಬಳಿ ಊರುಗಳೇ ಅದರ ಗುರಿ. ಮೂವತ್ತು ವರ್ಷದ ಮೇಲೆ, 1898ರಲ್ಲಿ, ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಬಂದರು. ಅಲ್ಲಿನ ಕೈಗಾರಿಕೆಯ ಹಿಂದೆ ಶಾಲೆಯಿದೆ ಎಂಬ ಅರಿವು ಅವರ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅವರು ದಿವಾನರಾಗಿದ್ದಾಗಲೇ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ. ಆದರೆ ಕಡ್ಡಾಯ ಶಿಕ್ಷಣ ಜಾರಿಯಾದದ್ದು ಆಯ್ದ ಕೆಲವೆಡೆ ಮಾತ್ರ. ದಲಿತರ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಂಡಾಗ ಮೇಲ್ಜಾತಿಯವರು ಪ್ರತಿಭಟಿಸಿದರು. ಜಪಾನಿಗೂ ನಮಗೂ ಅಂತರ ಬಿದ್ದದ್ದು ಇಲ್ಲಿ.

ಇಷ್ಟರಲ್ಲಿ ಮಾತೂ ಬದಲಾಗಿತ್ತು. ಐಗಳು ಹೋಗಿ ಮೇಷ್ಟ್ರು ಬಂದರು, ಮಠ ಹೋಗಿ ಇಸ್ಕೂಲು ಬಂತು. ಓದಿನ ನಂಟು ಮಾತ್ರ ಮಠವನ್ನು ಪೂರಾ ಬಿಡಲಿಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಬಡ ಮಕ್ಕಳು ಜಾತಿಭೇದವಿಲ್ಲದೆ ಉಂಡು, ಅಲ್ಲೇ ಇದ್ದು ಓದುತ್ತಿದ್ದಾರೆ. ಮಗ ಎಲ್ಲಿ ಓದುತ್ತಾನೆ ಎಂದು ಕೇಳಿದರೆ ಅವರ ಹೆತ್ತವರು ಹೇಳುವುದು, ‘ಮಠದಲ್ಲಿ’.