ಹಾರ್ಟೆಕ್ಯಾಂಪ್ ತೋಟದ ಬಾಳೆ

ನಮ್ಮ ಹಿತ್ತಲಲ್ಲಿ ಬಾಳೆಯ ಕಂದೊಂದನ್ನು ನೆಟ್ಟು ಬಚ್ಚಲ ನೀರು ಹರಿಯಬಿಟ್ಟರೆ ಅದು ತಾನಾಗಿಯೇ ಬೆಳೆದು ಮೋತೆ ಹಾಕುತ್ತದೆ. ಅದರಲ್ಲಿ ನಮಗೆ ಯಾವ ವಿಶೇಷವೂ ಕಾಣದು. ಆದರೆ ಹಿಮ ಬೀಳುವ ನಾಡಿನಲ್ಲಿ ಬಾಳೆಗೆ ಹೂ ಬರಿಸುವುದು ಒಂದು ಕಾಲಕ್ಕೆ ಪುಸ್ತಕ ಬರೆಯುವಷ್ಟು ದೊಡ್ಡ ಸಂಗತಿಯಾಗಿತ್ತು.

ಪ್ರೌಢಶಾಲೆಯಲ್ಲಿ ನಾನು ಜೀವಶಾಸ್ತ್ರ ಬೋಧಿಸುತ್ತಿದ್ದ ದಿನಗಳಲ್ಲಿ ಕಾರ್ಲ್ ಲಿನೇಯಸ್ ಎಂದರೆ ದ್ವಿನಾಮ ಪದ್ಧತಿ, ಎರಡು ಅಂಕದ ಪ್ರಶ್ನೆ, ಅಷ್ಟೆ. ಆತ ಬಾಳೆಯ ಬುಡಕ್ಕೆ ನೀರು ಹಾಕಿದ ಕಥೆ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಇದ್ದಿದ್ದರೆ ಮಕ್ಕಳು ಆತನನ್ನು ಇನ್ನಷ್ಟು ಪ್ರೀತಿಯಿಂದ ನೆನಪಿಡುತ್ತಿದ್ದರೇನೋ.

1735ರಲ್ಲಿ ಸ್ವೀಡನ್ನಿನ ಈ ತರುಣ ಹಾಲೆಂಡಿಗೆ ಬಂದ. ಹಾರ್ಲೆಮ್ ಪಟ್ಟಣದ ಸಮೀಪ ಹಾರ್ಟೆಕ್ಯಾಂಪ್ ಎಂಬಲ್ಲಿ ಜಾರ್ಜ್ ಕ್ಲಿಫರ್ಡ್ ಎಂಬ ಶ್ರೀಮಂತನ ತೋಟವಿತ್ತು. ಡಚ್ ಈಸ್ಟ್ ಇಂಡಿಯಾ ಕಂಪನಿಯೊಡನೆ ಸಂಬಂಧವಿದ್ದ ಆತನಿಗೆ ದೂರದೇಶಗಳ ಗಿಡಗಳ ಹುಚ್ಚು. ಅವನ್ನು ಗಾಜಿನ ಮನೆಗಳಲ್ಲಿ, ಬೆಂಕಿಯ ಕಾವಿನಲ್ಲಿ ಸಾಕುತ್ತಿದ್ದರು. ಲಿನೇಯಸ್ ಆ ತೋಟದ ಉಸ್ತುವಾರಿ ವಹಿಸಿಕೊಂಡ. ಅಲ್ಲಿ ಬಾಳೆಯೂ ಇತ್ತು. ಹೂ ಮಾತ್ರ ಬಿಟ್ಟಿರಲಿಲ್ಲ.

ಹೂವಿನ ಗರಜು ಬೇರೆ ಯಾರಿಗಿಂತಲೂ ಲಿನೇಯಸ್‌ಗೆ ಹೆಚ್ಚು. ಆತನ 'ಸಿಸ್ಟೆಮಾ ನ್ಯಾಚುರೇ' ಅದೇ 1735ರಲ್ಲಿ ಲೈಡನ್ನಿನಲ್ಲಿ ಅಚ್ಚಾಯಿತು. ಕೇಸರಗಳನ್ನೂ ಶಲಾಕೆಗಳನ್ನೂ ಎಣಿಸಿ ಸಸ್ಯಗಳನ್ನು ವರ್ಗೀಕರಿಸುವುದು ಅದರ ಕ್ರಮ. ಹೂ ಬಿಡದ ಗಿಡವನ್ನು ಯಾವ ವರ್ಗಕ್ಕೆ ಸೇರಿಸುವುದು? ಎಲೆಯಷ್ಟೇ ತೋರಿಸುತ್ತ ನಿಂತ ಬಾಳೆ ಆತನ ಹೊಸ ಪದ್ಧತಿಗೆ ಸವಾಲಾಗಿತ್ತು ಎಂದೇ ನನ್ನ ಎಣಿಕೆ.

ಬಾಳೆಯ ತೌರುನಾಡನ್ನು ಲಿನೇಯಸ್ ಕಂಡವನಲ್ಲ. ಪುಸ್ತಕಗಳಿಂದ ತಿಳಿದದ್ದಷ್ಟೆ. ಆತ ಮುಂದೆ ಬಹಳವಾಗಿ ಬಳಸಿಕೊಂಡ ಗ್ರಂಥಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ 'ಹಾರ್ಟಸ್ ಮಲಬಾರಿಕಸ್' ಒಂದು. ಮಲೆಯಾಳದ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಪಂಡಿತರ ಅರಿವಿನಿಂದ ರೂಪುಗೊಂಡ ಗ್ರಂಥವದು. ಅದರಲ್ಲಿ ಬಾಳೆಯ ಹೆಸರು 'ಬಾಲ' ಎಂದಿದೆ. ನಮ್ಮ 'ಬಾಳೆ' ಸಮುದ್ರ ದಾಟಿ ಹೋದ ವೇಷವನ್ನು ನೋಡಿದರೆ ಕನ್ನಡಿಗನಿಗೆ ಸಂತೋಷವಾಗದಿರದು.

ಲಿನೇಯಸ್ ಮಾಡಿದ ಉಪಾಯ ಸರಳ. ಫಲವತ್ತಾದ ಮಣ್ಣಿನಲ್ಲಿ ಗಿಡವನ್ನು ನೆಡಿಸಿದ. ಹಲವು ವಾರ ನೀರನ್ನು ಬಿಗಿಹಿಡಿದ. ಅನಂತರ ಒಮ್ಮೆಲೇ ಧಾರಾಳವಾಗಿ ನೀರುಣಿಸಿದ. ಬೇಸಗೆ ಕಳೆದು ಮಳೆಗಾಲ ಹಿಡಿಯಿತೆಂದು ಗಿಡಕ್ಕೆ ಅನ್ನಿಸಬೇಕೆಂಬುದು ಆತನ ಲೆಕ್ಕಾಚಾರ. 1736ರ ಜನವರಿಯ ಕೊರೆಯುವ ಚಳಿಯಲ್ಲಿ ಬಾಳೆ ಹೂಬಿಟ್ಟಿತು! ಅದೇ ವರ್ಷ 'ಮ್ಯೂಸಾ ಕ್ಲಿಫೋರ್ಟಿಯಾನ' ಎಂಬ ಕೃತಿಯನ್ನೇ ಆತ ಪ್ರಕಟಿಸಿದ.

ನೀರು ಬಿಗಿಹಿಡಿದದ್ದರಿಂದಲೇ ಹೂ ಬಂತೆ? ಇಂದಿನ ತಿಳಿವಳಿಕೆ ಹಾಗೆನ್ನುವುದಿಲ್ಲ. ಬಾಳೆಯ ಹೂಮೊಗ್ಗು ಹುಟ್ಟುವುದು ಬುಡದ ಗೆಡ್ಡೆಯಲ್ಲಿ. ಅದು ಹೊರಬರುವ ಮೊದಲು ಸಾಮಾನ್ಯವಾಗಿ ಮೂವತ್ತರಿಂದ ನಲವತ್ತರಷ್ಟು ಎಲೆಗಳು ಬಂದಿರಬೇಕು. ಉಷ್ಣತೆ ಸುಮಾರು 16 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಎಲೆ ಮೂಡುವುದು ನಿಧಾನವಾಗಿ, ಇನ್ನೂ ಇಳಿದರೆ ನಿಂತೇಹೋಗುತ್ತದೆ. ನೀರಿನ ಕೊರತೆಯೂ ತಡಮಾಡುವುದೇ ಹೊರತು ಬೇಗಮಾಡದು. ಆದ್ದರಿಂದ ಹೆಚ್ಚಿನ ಶ್ರೇಯಸ್ಸು ಗೊಬ್ಬರದ ಮಣ್ಣಿಗೆ, ಕಾವಿಗೆ, ಕೊನೆಗೆ ಸುರಿದ ನೀರಿಗೆ ಸಲ್ಲಬೇಕು. ಆದರೂ ಗಿಡದ ಊರಿನ ಹವೆಯನ್ನು ಮೊದಲು ವಿಚಾರಿಸಿದ ಆ ಬುದ್ಧಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ನೂರು ವರ್ಷಗಳ ಅನಂತರ ಇಂಗ್ಲೆಂಡಿನ ಚಾಟ್ಸ್‌ವರ್ತ್‌ನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ನೀರನ್ನು ಬಿಗಿಹಿಡಿಯಲಿಲ್ಲ. ಕಳಿತ ಗೊಬ್ಬರ, ಬೇಕಾದಷ್ಟು ನೀರು, ಸುಮಾರು 18ರಿಂದ 30 ಡಿಗ್ರಿಯ ಕಾವು ಒದಗಿಸಿದ. 1835ರ ನವೆಂಬರಿನಲ್ಲಿ ಹೂ ಬಂತು. ಮರುವರ್ಷ ಮೇ ತಿಂಗಳ ಹೊತ್ತಿಗೆ ನೂರಕ್ಕೂ ಮಿಕ್ಕಿ ಕಾಯಿಗಳ ಗೊನೆ. ಒಡೆಯನ ಮನೆತನದ ಹೆಸರಿನಿಂದ ಅದು ಕ್ಯಾವೆಂಡಿಷ್ ಆಯಿತು. ನಾವು ಡಜನ್ ಲೆಕ್ಕದಲ್ಲಿ ತರುವ ಪಚ್ಚಬಾಳೆ ಆ ಗುಂಪಿಗೇ ಸೇರಿದ್ದು.

ಐಸ್‌ಲೆಂಡಿನವರು 1940ರ ದಶಕದಲ್ಲಿ ಭೂಮಿಯೊಳಗಿನ ಬಿಸಿನೀರಿನಿಂದಲೇ ಗಾಜಿನ ಮನೆಗಳನ್ನು ಕಾಯಿಸಿ ಬಾಳೆ ಬೆಳೆದರು. ಕಾವಿಗೆ ಬರವಿರಲಿಲ್ಲ. ಚಳಿಗಾಲದ ಬಿಸಿಲನ್ನು ಎಲ್ಲಿಂದ ತರುವುದು? ಗೊನೆ ಕೈಗೆ ಬರಲು ಎರಡು ವರ್ಷಗಳವರೆಗೂ ಕಾಯಬೇಕಾಗುತ್ತಿತ್ತು.