ಗೋಡೆಯ ಮೇಲೆ ತೆವಳುವ ‘ಬೀಜ’ ವಿಷದ ಹುಳುವೇ?

ಬಚ್ಚಲುಮನೆಯ ಗೋಡೆಯಲ್ಲೋ ಫ್ಯಾನಿನ ಹತ್ತಿರವೋ ಸೌತೆಬೀಜದಂಥ ಬೂದು ಚೀಲವೊಂದು ನಿಧಾನವಾಗಿ ತೆವಳುವುದನ್ನು ನೀವೂ ನೋಡಿರುತ್ತೀರಿ. ಇದು ಕಚ್ಚಿದರೆ ವಿಷ ಏರುತ್ತದೆ ಎಂಬ ಮಾತು ಸುಳ್ಳು.

ಇದು ಫೆರಿಯೋಕಾ ಎಂಬ ಪುಟ್ಟ ಪತಂಗದ ಮರಿಹುಳು. ತಾನೇ ನೂಲುವ ರೇಷ್ಮೆ ಎಳೆಗೆ ಮನೆಯ ಮರಳು, ಧೂಳು, ಬಟ್ಟೆಯ ನಾರು ಅಂಟಿಸಿ ಚೀಲ ಕಟ್ಟುತ್ತದೆ. ಅದಕ್ಕೇ ಗೋಡೆಯಲ್ಲಿ ಬೇಗ ಕಾಣುವುದಿಲ್ಲ. ಚೀಲ ಚಪ್ಪಟೆ, ಉದ್ದ ಸುಮಾರು 1 ಸೆಂಟಿಮೀಟರ್. ಎರಡೂ ತುದಿ ತೆರೆದಿರುವುದೇ ಗುರುತು: ಹುಳು ಒಳಗೇ ತಿರುಗಿ ಯಾವ ಕಡೆಯಿಂದಾದರೂ ತಲೆ ಹೊರಹಾಕುತ್ತದೆ. ಬೆಳೆದ ಮೇಲೆ ಕಪ್ಪು ಚುಕ್ಕೆಯ ಬೂದು ಪತಂಗ.

ಆಹಾರ ಹಳೆಯ ಜೇಡರಬಲೆ, ಉದುರಿದ ಕೂದಲು, ಉಣ್ಣೆ. ಮನುಷ್ಯರನ್ನು ಕಚ್ಚುವುದಿಲ್ಲ, ಜೋಪಾನ ಮಾಡಬೇಕಾದ್ದು ಉಣ್ಣೆಯ ಶಾಲನ್ನು. ಇದಕ್ಕೆ ಹೆದರಿ ಮಗುವಿನ ತೊಟ್ಟಿಲ ಸುತ್ತ ಕೀಟನಾಶಕ ಹೊಡೆದರೆ ಅಪಾಯ ಅದರಿಂದಲೇ. ಪೊರಕೆಯಿಂದ ಬಲೆ, ಧೂಳು ತೆಗೆದರೆ ಸಾಕು.