ಸರ್ ವಿಠಲದಾಸ ಠಾಕರಸಿ ಮತ್ತು ರೈತನ ಋಣ

ಪುಣೆಯ ಕನ್ನಡಿಗರು ಠಾಕರಸಿ ಮನೆತನವನ್ನು ಬಲ್ಲುದು ಕರ್ವೆಯವರ ಮಹಿಳಾ ವಿಶ್ವವಿದ್ಯಾಲಯದಿಂದ. 1920ರಲ್ಲಿ ಸರ್ ವಿಠಲದಾಸರು (1873–1922) ಹದಿನೈದು ಲಕ್ಷ ರೂಪಾಯಿಗಳ ದಾನವಿತ್ತುದರಿಂದ ಅದಕ್ಕೆ ಅವರ ತಾಯಿ ನಾಥೀಬಾಯಿಯವರ ಹೆಸರು ಬಂದಿತು. ಪತ್ನಿ ಪ್ರೇಮಲೀಲಾ ಅವರ ಯರವಡೆಯ ‘ಪರ್ಣಕುಟಿ’ಯಲ್ಲಿ ಗಾಂಧೀಜಿ 1933ರಲ್ಲಿ 21 ದಿನಗಳ ಉಪವಾಸವನ್ನು ಕೈಕೊಂಡರು. ಆದರೆ ಕನ್ನಡನಾಡಿಗೆ ಹೆಚ್ಚು ಸಮೀಪದ್ದು ವಿಠಲದಾಸರ ಮತ್ತೊಂದು ಕಾರ್ಯ.

ಸಾಹುಕಾರರ ಬಡ್ಡಿಯಿಂದ ನೊಂದ ರೈತರು 1875ರಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ದಂಗೆಯೆದ್ದಿದ್ದರು. 1904ರ ಸಹಕಾರಿ ಕಾಯದೆಯ ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಪತ್ತಿನ ಸಂಘ ಹುಟ್ಟಿತು. ಸಂಘಗಳೇನೋ ಹುಟ್ಟಿದವು, ಸಾಲ ಕೊಡಲು ಹಣವೆಲ್ಲಿ? ಗಿರಣಿಗಳ ಒಡೆಯರೂ ಶಾಸನಸಭೆಯ ಸದಸ್ಯರೂ ಆಗಿದ್ದ ವಿಠಲದಾಸರು, ಲಲ್ಲೂಭಾಯಿ ಸಾಮಳದಾಸರೊಡಗೂಡಿ, 1911ರಲ್ಲಿ ಮುಂಬಯಿಯಲ್ಲಿ ಕೇಂದ್ರ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಅದರ ಸಾಲಪತ್ರಗಳಿಗೆ ಶೇಕಡಾ 4ರ ಬಡ್ಡಿಯ ಹೊಣೆಯನ್ನು ಸರಕಾರವೇ ಹೊತ್ತಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಪ್ರಾಂತಗಳು ಆಗ ಮುಂಬಯಿ ಇಲಾಖೆಗೇ ಸೇರಿದ್ದವು.

ರೈತನ ಮಾತಿಗೆ ದೊರೆಯದ ನಂಬುಗೆ ಧನಿಕರ ಹೆಸರಿಗೆ ದೊರೆತುದು ಆ ಆಳಿಕೆಯ ನ್ಯೂನತೆಯೇ ಸರಿ. ಆದರೂ ಆ ಪ್ರತಿಷ್ಠೆಯನ್ನು ಹಳ್ಳಿಯ ಋಣಕ್ಕೆ ಒತ್ತೆಯಿಟ್ಟುದೇ ವಿಠಲದಾಸರ ಹಿರಿಮೆ. ದಾನವು ಅವರ ಮನೆತನದ ಹೆಸರನ್ನು ಉಳಿಸಿತು. ಬ್ಯಾಂಕಾದರೋ ಹೆಸರಿಲ್ಲದವರಿಗಾಗಿ ದುಡಿಯಿತು.